ಅಂಗಳದ ಟೈಲ್ಸು

ಕಳೆದ ವರ್ಷ ಊರಿನ ಮನೆಯ ಅಂಗಳಕ್ಕೆ ಟೈಲ್ಸ್ ಹಾಕಿಸಿದೆ. ಊರು ಅಂದ್ರೆ ಸಾಗರದ ಹತ್ತಿರ. ಮಳೆಗಾಲ ಬಂತೆಂದರೆ ಅಂಗಳವೆಲ್ಲ ಪಾಚಿ. ಅಮ್ಮ ಒಮ್ಮೆ ಜಾರಿಬಿದ್ದು ಕೈ ಮುರಿದುಕೊಂಡಿದ್ದಳು. ಬೆಂಗಳೂರಲ್ಲಿ ಕೂತು ಚಿಂತೆ ಮಾಡೋದಕ್ಕಿಂತ ದುಡ್ಡು ಕಳಿಸೋದು ಸುಲಭ. ಕಳಿಸಿದೆ. ಕೆಳಗೆ ಕಾಂಕ್ರೀಟು, ಮೇಲೆ ಟೈಲ್ಸು.

ಈ ಜೂನ್‌ನಲ್ಲಿ ಹೋದಾಗ ರಾತ್ರಿಯಿಡೀ ಮಳೆ. ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಬಗ್ಗಿಕೊಂಡು, ಕಡ್ಡಿಯಲ್ಲಿ ಏನನ್ನೋ ಎತ್ತಿ ಎತ್ತಿ ದಾಸವಾಳದ ಬುಡಕ್ಕೆ ಹಾಕುತ್ತಿದ್ದಾಳೆ. ಎರೆಹುಳ. ಟೈಲ್ಸ್ ಮೇಲೆ ಹತ್ತಾರು ಹರಿದಾಡುತ್ತಿದ್ದವು.

"ಮಳೆ ಬಂದಾಗೆಲ್ಲ ಇದೇ ಕೆಲಸ ನೋಡು. ಮೊದಲಾದ್ರೆ ಹಾಗೇ ಮಣ್ಣೊಳಗೆ ಹೋಗ್ತಿದ್ವು. ಈಗ ಎಲ್ಲಿಗೆ ಹೋಗ್ತಾವೆ, ಪಾಪ" ಅಂದಳು. ಬಯ್ಯಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು.

ಎರೆಹುಳಕ್ಕೆ ಶ್ವಾಸಕೋಶವಿಲ್ಲ, ಉಸಿರಾಟವೆಲ್ಲ ಚರ್ಮದಿಂದಲೇ. ಚರ್ಮ ಒದ್ದೆಯಿರುವ ತನಕ ಜೀವ. ಅಮ್ಮನ ಕಣ್ಣಿಗೆ ಬೀಳದೆ ಉಳಿದವು ಬಿಸಿಲು ಬಂದಮೇಲೆ ಕಂದು ದಾರದ ತುಂಡುಗಳ ಹಾಗೆ ಒಣಗಿ ಬಿದ್ದಿದ್ದವು.

ಶಾಲೆಯಲ್ಲಿ 'ಎರೆಹುಳು ರೈತನ ಮಿತ್ರ' ಅಂತ ಬರೆದು ಎರಡು ಮಾರ್ಕ್ಸ್ ತಗೊಂಡವನು ನಾನು. ಆ ಮಾತಿನ ಬಗ್ಗೆ ಈಗ ಸ್ವಲ್ಪ ಅನುಮಾನ. ಸಂಬಳವಿಲ್ಲದೆ ದುಡಿಯುವವರನ್ನು ಮಿತ್ರ ಅನ್ನೋದು ನಮಗೆ ಅನುಕೂಲ, ಅಷ್ಟೇ ಅಲ್ವಾ? ಉತ್ತರ ಅಮೆರಿಕದ ಕೆಲವು ಕಾಡುಗಳಲ್ಲಿ ಇದೇ ಹುಳು ಶತ್ರು. ಹಿಮಯುಗದ ನಂತರ ಅಲ್ಲಿ ಎರೆಹುಳುಗಳೇ ಇರಲಿಲ್ಲ. ಯುರೋಪಿನಿಂದ ಹೋದವರ ಗಿಡ, ಮಣ್ಣಿನ ಜೊತೆ ಅವೂ ಹೋದವು. ತರಗೆಲೆಯ ಹಾಸನ್ನೇ ನಂಬಿದ್ದ ಆ ಕಾಡಿನ ಸಸಿಗಳಿಗೆ ಹಾಸು ಇಲ್ಲದಂತಾಯಿತು. ಹುಳು ಮಾಡಿದ್ದು ತನ್ನ ಕೆಲಸವನ್ನೇ. ಹೊತ್ತುಕೊಂಡು ಹೋದವರು ನಾವು. ಉಪಕಾರಿ ಅನ್ನುವ ಕಾರಣಕ್ಕೆ ಮಾತ್ರ ಮರ್ಯಾದೆ ಕೊಡೋದಾದರೆ ಆ ಮರ್ಯಾದೆ ಸಾಗರದಲ್ಲಿ ಸಲ್ಲುತ್ತದೆ, ಮಿನ್ನೆಸೋಟಾದಲ್ಲಿ ಸಲ್ಲುವುದಿಲ್ಲ.

ಡಾರ್ವಿನ್ ಬೇರೆ ಥರ ನೋಡಿದ. 1842ರಲ್ಲಿ ಮನೆ ಹತ್ತಿರದ ಹುಲ್ಲುಗಾವಲಿನಲ್ಲಿ ಸೀಮೆಸುಣ್ಣದ ಚೂರು ಹರಡಿ ಸುಮ್ಮನೆ ಬಿಟ್ಟ. 29 ವರ್ಷ ಬಿಟ್ಟು, 1871ರಲ್ಲಿ ಅಗೆಸಿ ನೋಡಿದರೆ ಬಿಳಿ ಗೆರೆ 7 ಇಂಚು ಕೆಳಗಿತ್ತು. ಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ತಂದು ಹಾಕಿದ್ದವು. ಒಂದು ಪ್ರಶ್ನೆಗೆ 29 ವರ್ಷ ಕಾಯೋದು! ನಮಗೆ ಲಿಫ್ಟ್ ಕಾಯೋಕೆ ಆಗಲ್ಲ. ಹುಳುಗಳಿಗೆ ಕಿವಿ ಕೇಳಿಸುತ್ತಾ ಅಂತ ಮಗನಿಂದ ವಾದ್ಯ ನುಡಿಸಿ ಪರೀಕ್ಷೆ ಮಾಡಿದ ಪುಣ್ಯಾತ್ಮ. ಕೇಳಿಸಲಿಲ್ಲ. ಆದರೆ ಕುಂಡವನ್ನು ಪಿಯಾನೋ ಮೇಲಿಟ್ಟು ಬಾರಿಸಿದರೆ ಕಂಪನಕ್ಕೆ ಬೆಚ್ಚಿ ಬಿಲಕ್ಕೆ ಹೋಗುತ್ತಿದ್ದವು. ಅವುಗಳ ಬಗ್ಗೆ ಬರೆದ ಪುಸ್ತಕ 1881ರಲ್ಲಿ ಬಂತು. ಮರುವರ್ಷ ತೀರಿಕೊಂಡ.

ನನ್ನ ಅಂಗಳದಲ್ಲಿ ಆ ಕೆಲಸ ನಿಂತಿದೆ. ಅಮ್ಮನ ಕೈ ಮುಖ್ಯವೋ ಹುಳು ಮುಖ್ಯವೋ ಅಂತ ಕೇಳಿದರೆ ಅಮ್ಮನ ಕೈಯೇ, ಇವತ್ತೂ ಅದೇ ಉತ್ತರ. ಆದರೆ ಈ ಪ್ರಶ್ನೆಯನ್ನು ನಾನು ಅವತ್ತು ಕೇಳಿಕೊಂಡಿರಲೇ ಇಲ್ಲ. ತೂಗಿ ನೋಡಿ ಕಡಿಮೆ ಅಂತ ಬಿಟ್ಟಿದ್ದಲ್ಲ. ಲೆಕ್ಕದಲ್ಲಿ ಅವು ಇರಲೇ ಇಲ್ಲ. ಇನ್ನೂ ನಿಜ ಹೇಳಬೇಕಂದ್ರೆ, ಅಮ್ಮ ಓಡಾಡೋದು ಬಾಗಿಲಿನಿಂದ ಬಾವಿಗೆ, ಕೊಟ್ಟಿಗೆಗೆ. ಅದಕ್ಕೆ ಮೂರು ಅಡಿ ದಾರಿ ಸಾಕಿತ್ತು. ಉಳಿದದ್ದೆಲ್ಲ ನನ್ನ ಕಾರಿಗೆ. ಚಕ್ರ ಕೆಸರಾಗಬಾರದು ಅಂತ. ಅಮ್ಮನ ಮುರಿದ ಕೈಯ ಹಿಂದೆ ಅಡಗಿಕೊಂಡಿದ್ದೆ ನಾನು.

ಹೊರಡುವ ಹಿಂದಿನ ದಿನ ಮೇಸ್ತ್ರಿಗೆ ಫೋನ್ ಮಾಡಿ ಅರ್ಧ ಅಂಗಳ ಕಿತ್ತು ಹಾಕೋಕೆ ಎಷ್ಟಾಗುತ್ತೆ ಅಂತ ಕೇಳಿದೆ. "ಏನ್ ಸಾರ್, ಹಾಕಿ ಒಂದು ವರ್ಷ ಆಗಿದೆ ಅಷ್ಟೇ" ಅಂತ ನಕ್ಕ. ಅಮ್ಮ ಅಡಿಕೆ ಹೋಳು ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದಳು.

"ಕೀಳಿಸೋದು ಆಮೇಲೆ ಇರಲಿ. ಕಾರು ಎಲ್ಲಿ ನಿಲ್ಲಿಸ್ತೀಯಾ, ಮೊದಲು ಅದನ್ನ ಹೇಳು" ಅಂದಳು.