‘ಪ್ರಾರ್ಥನೆಗಾಗಿ ಮಾತ್ರ’ ಅಂತ ಕಳುಹಿಸಿದ ಮೆಸೇಜ್

ಮತ್ತಾಯ 18:15 ತೆಗೆಯಿರಿ. ಫೋನ್‌ನಲ್ಲಿ ಓದುವವರು ಫೋನನ್ನೇ ತೆಗೀರಿ, ಇವತ್ತು ಅದರ ಬಗ್ಗೆಯೇ ಮಾತು.

ಸಹೋದರನಲ್ಲಿ ತಪ್ಪು ಕಂಡರೆ ಮೊದಲು ಅವನ ಹತ್ತಿರವೇ ಹೋಗಬೇಕು, ಒಬ್ಬರೇ ಹೋಗಬೇಕು ಅಂತ ಕರ್ತನು ಇಲ್ಲಿ ಕಲಿಸ್ತಾನೆ. ಸಭೆಗೆ ತಿಳಿಸೋದು ಕೊನೆಯ ಹೆಜ್ಜೆ. ನಾವು ಮಾಡೋದು ಉಲ್ಟಾ. ಮೊದಲು ಗ್ರೂಪ್, ಆಮೇಲೆ ಸ್ಟೇಟಸ್. ಅವನ ಹತ್ತಿರ ಮಾತ್ರ ಹೋಗೋದೇ ಇಲ್ಲ.

ನನ್ನದೇ ತಪ್ಪು ಹೇಳ್ತೀನಿ. ಕೆಲವು ವರ್ಷಗಳ ಹಿಂದೆ ಒಬ್ಬ ಸಹೋದರನ ಬಗ್ಗೆ ನನಗೆ ಸ್ಕ್ರೀನ್‌ಶಾಟ್ ಬಂತು. ಯೂತ್ ಕ್ಯಾಂಪಿನ ಹಣದಲ್ಲಿ ಮೋಸ ಮಾಡಿದ್ದಾನೆ ಅಂತ. ನಾನು ಅದನ್ನು ನಾಲ್ಕು ಜನಕ್ಕೆ ಕಳುಹಿಸಿದೆ. ಜೊತೆಗೆ ಬರೆದೆ: "ಪ್ರಾರ್ಥನೆಗಾಗಿ ಮಾತ್ರ." ಪಕ್ಕದಲ್ಲಿ ಕೈಮುಗಿದ ಎಮೋಜಿ. ಸಂಜೆಯೊಳಗೆ ಇಡೀ ಸಭೆಗೆ ಗೊತ್ತಾಯಿತು. ಎರಡು ವಾರದ ನಂತರ ಲೆಕ್ಕ ನೋಡಿದರೆ ಒಂದು ರೂಪಾಯಿಯೂ ಕಡಿಮೆಯಿರಲಿಲ್ಲ. ಅಷ್ಟರಲ್ಲಿ ಅವನು ಆರಾಧನೆಗೆ ಬರೋದನ್ನೇ ನಿಲ್ಲಿಸಿದ್ದ. ಅವತ್ತು ನಾನು ಅವನಿಗೋಸ್ಕರ ಪ್ರಾರ್ಥನೆ ಮಾಡಿದ್ನಾ? ಒಂದು ನಿಮಿಷವೂ ಇಲ್ಲ. ಚಾಡಿಗೆ ಪ್ರಾರ್ಥನೆಯ ಬಟ್ಟೆ ಹಾಕಿದ್ದೆ, ಅಷ್ಟೇ.

"ಪಾಸ್ಟರ್, ನಾನು ಬರೆದಿಲ್ಲ, ಬರೀ ಫಾರ್ವರ್ಡ್ ಮಾಡಿದೆ" ಅಂತೀರಿ. ವಿಮೋಚನಕಾಂಡ 23:1 ನೋಡಿ. ಸುಳ್ಳು ಸುದ್ದಿಯನ್ನು ಹಬ್ಬಿಸಬಾರದು ಅಂತ ದೇವರ ಆಜ್ಞೆ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ ಏನಾಯ್ತು? ಹೈದರಾಬಾದ್‌ನಿಂದ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಹೋಯ್ತು. ಅವರ ಕಾರಿಗಿಂತ ಮೊದಲೇ ಆ ಮೆಸೇಜ್ ಮುರ್ಕಿ ಗ್ರಾಮಕ್ಕೆ ತಲುಪಿತ್ತು. ಗುಂಪು ಹೊಡೆದು ಒಬ್ಬ ಯುವ ಇಂಜಿನಿಯರ್ ಪ್ರಾಣ ತೆಗೆಯಿತು. ಮೆಸೇಜ್ ಕಳುಹಿಸಿದವರೆಲ್ಲ ಕಲ್ಲು ಎತ್ತಲಿಲ್ಲ, ಬೆರಳು ಒತ್ತಿದರು ಅಷ್ಟೇ. ಅದೇ ತಿಂಗಳು, ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಕಳುಹಿಸುವ ಮಿತಿಯನ್ನು ವಾಟ್ಸ್ಆ್ಯಪ್ ಪ್ರಕಟಿಸಿತು. ಕಂಪನಿ ಬೆರಳಿಗೆ ಮಿತಿ ಹಾಕಬಹುದು. ಹೃದಯಕ್ಕೆ ಹಾಕುವವನು ಪವಿತ್ರಾತ್ಮನೇ. ಆಮೆನ್?

ಒಂದು ಮಾತು ಸ್ಪಷ್ಟವಾಗಿರಲಿ. ದೌರ್ಜನ್ಯವನ್ನು ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ. ಯಾರಿಗಾದರೂ ಅನ್ಯಾಯ ಆಗ್ತಿದ್ರೆ ಪೊಲೀಸರಿಗೆ ಹೇಳಿ, ಸಭೆಯ ಹಿರಿಯರಿಗೆ ಹೇಳಿ. ಗ್ರೂಪಿಗೆ ಹಾಕಿದರೆ ನ್ಯಾಯ ಸಿಗಲ್ಲ, ಜನಕ್ಕೆ ಮಾತಾಡೋಕೆ ವಿಷಯ ಸಿಗುತ್ತೆ.

ಈಗಾಗಲೇ ಕಳುಹಿಸಿಬಿಟ್ಟಿದ್ದರೆ? ಜಕ್ಕಾಯನನ್ನು ನೆನಪಿಸಿಕೊಳ್ಳಿ. ಅವನು ಬರೀ ಕಣ್ಣೀರು ಹಾಕಲಿಲ್ಲ, ಮೋಸದಿಂದ ತಗೊಂಡಿದ್ದನ್ನು ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಡಿಲೀಟ್ ಮಾಡೋದು ಪಶ್ಚಾತ್ತಾಪ ಅಲ್ಲ. ಎಲ್ಲಿ ಸುಳ್ಳು ಹಾಕಿದ್ದೀರೋ ಅಲ್ಲೇ "ನಾನು ತಪ್ಪು ಮಾಡಿದೆ" ಅಂತ ಬರೆಯಿರಿ. ನಾನು ಆ ನಾಲ್ಕು ಜನರಿಗೂ ಹಾಗೆ ಬರೆದೆ. ಅದಕ್ಕೂ ಮೊದಲು ಆ ಸಹೋದರನ ಮನೆಗೆ ಹೋದೆ. ಅವನು ಟೀ ಕೊಟ್ಟ, ಕ್ಷಮಿಸಿದ. ಆದರೆ ನಮ್ಮ ಸಭೆಗೆ ಮತ್ತೆ ಬರಲಿಲ್ಲ. ದೇವರು ನನ್ನನ್ನು ಕ್ಷಮಿಸಿದ್ದಾನೆ. ಆದರೂ ಆ ಖಾಲಿ ಕುರ್ಚಿ ನನಗೆ ಇವತ್ತಿಗೂ ಕಾಣಿಸುತ್ತೆ.

ಇವತ್ತು ಮುಂದಕ್ಕೆ ಬನ್ನಿ ಅಂತ ಕರೆಯಲ್ಲ. ಕೂತಲ್ಲೇ ಫೋನ್ ತೆಗೆಯಿರಿ. ಯಾರ ಹೆಸರು ಮನಸ್ಸಿಗೆ ಬರ್ತಿದೆಯೋ ಅವರಿಗೆ ಈಗಲೇ ಕಾಲ್ ಮಾಡಿ. ಹೊರಗೆ ಹೋಗಿ ಮಾತಾಡಿ ಬನ್ನಿ, ನಾವು ಕಾಯ್ತೀವಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಬೆರಳುಗಳನ್ನು ನಿನ್ನ ರಕ್ತದಿಂದ ತೊಳೆ. ನಾವು ಗಾಯ ಮಾಡಿದವರನ್ನು ನೀನೇ ಗುಣಪಡಿಸು. ಯೇಸುವಿನ ನಾಮದಲ್ಲಿ, ಆಮೆನ್.