ಹಳೆಯ ಅಚ್ಚಿಗೆ ಹೊಸ ಬ್ರೇಕು

ಹಿರಿಯರಿಂದ ಬಂದುದನ್ನು ಬಂದಂತೆಯೇ ಉಳಿಸಬೇಕೇ, ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದೇ? ತಿದ್ದಿದ ಮೇಲೆ ಅದು ಅದೇ ವಸ್ತುವಾಗಿ ಉಳಿದೀತೇ? ಇದು ಕೇವಲ ಪಂಡಿತರ ಚರ್ಚೆಯ ವಿಷಯವೆಂದು ತೋರಬಹುದು. ಆದರೆ ಹಳೆಯ ಮೋಟಾರು ಗಾಡಿಗಳನ್ನು ಕಾಪಾಡುವವರು ಇದೇ ಪ್ರಶ್ನೆಯನ್ನು ಸ್ಪ್ಯಾನರ್ ಹಿಡಿದ ಕೈಯಿಂದ ಬಿಡಿಸಬೇಕಾಗುತ್ತದೆ. ಹಳೆಯ ಕಾರಿನ ಮುಂದಿನ ಅಚ್ಚಿಗೆ ಈಚಿನ ಕಾಲದ ಬ್ರೇಕು ಕೂಡಿಸುವುದು ಸರಿಯೇ ಎಂಬುದು ಅವರ ಸಂದೇಹ. ಅದನ್ನು ನೆಪವಾಗಿಟ್ಟುಕೊಂಡು ನಾವು ನಾಲ್ಕು ಮಾತು ವಿಚಾರ ಮಾಡೋಣ.

ಮೊದಲು ವಸ್ತುಸ್ಥಿತಿ. 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿಗೆ ಮುಂದಿನ ಗಾಲಿಗಳಲ್ಲಿ ಬ್ರೇಕೇ ಇರಲಿಲ್ಲ. ಅದರ ನಂತರದ ಮಾಡೆಲ್ ಎ ಕಾರಿಗೆ ನಾಲ್ಕೂ ಗಾಲಿಗಳಿಗೆ ಬ್ರೇಕು ಬಂದಿತು. ಅದು ಕಬ್ಬಿಣದ ಸರಳುಗಳನ್ನು ಎಳೆದು ಹಿಡಿಯುವ ಬಗೆಯದು. ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕನ್ನು ಫೋರ್ಡ್ ಕಂಪನಿ 1939ರಲ್ಲಿ ಒಪ್ಪಿಕೊಂಡಿತು. ಓಡುವ ಗಾಡಿಯನ್ನು ತಡೆದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಆದುದರಿಂದ ಮುಂದಿನ ಬ್ರೇಕಿನ ಮಹತ್ತ್ವ ದೊಡ್ಡದು. ವೇಗ ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಅಂದಿನ ಮಣ್ಣಿನ ದಾರಿಗೆ ಸಾಕಾಗಿದ್ದ ಬ್ರೇಕು ಇಂದಿನ ಸೋಲಾಪುರ–ಹೈದರಾಬಾದ್ ಹೆದ್ದಾರಿಗೆ ಸಾಲದು.

ನಮ್ಮ ಸರಕಾರವೂ ಈ ವಿಷಯಕ್ಕೆ ಕೈಹಾಕಿದೆ. 2021ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, 50 ವರ್ಷ ಮೀರಿದ, ಮೂಲರೂಪದಲ್ಲಿರುವ, ಭಾರಿ ಮಾರ್ಪಾಡು ಕಾಣದ ಗಾಡಿಯೇ ವಿಂಟೇಜ್. ಅದನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಆದರೆ ಮೂಲರೂಪವೆಂಬುದು ಎಲ್ಲಿಯವರೆಗೆ? ಟೈರು ಬದಲಾಯಿಸದೆ ಯಾವ ಗಾಡಿಯೂ 50 ವರ್ಷ ಬಾಳುವುದಿಲ್ಲ.

ಮಿಲಿಂದ ರಾಜನಿಗೂ ನಾಗಸೇನ ಭಿಕ್ಷುವಿಗೂ ನಡೆದ ಸಂವಾದ ಇಲ್ಲಿ ನೆನಪಾಗುತ್ತದೆ. ರಥದಲ್ಲಿ ಬಂದೆನೆಂದ ರಾಜನನ್ನು ಭಿಕ್ಷು ಕೇಳುತ್ತಾನೆ: ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ನಾವು ಇಟ್ಟ ಹೆಸರು ರಥ. ಗ್ರೀಕರೂ ತೀಸಿಯಸ್ಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದಾಗ ಇದೇ ಜಿಜ್ಞಾಸೆಗೆ ಬಿದ್ದರು. ಆದುದರಿಂದ ಒಂದು ಭಾಗ ಬದಲಾದ ಮಾತ್ರಕ್ಕೆ ಕಾರು ಬೇರೆಯಾಯಿತೆನ್ನುವುದು ನಿಲ್ಲದ ಮಾತು. ಕೇಳಬೇಕಾದುದು, ಯಾವ ಭಾಗ ಯಾರಿಗಾಗಿ ಇದೆ ಎಂಬುದು.

ಎಂಜಿನ್ನು, ಗದ್ದಿಗೆ, ಬಣ್ಣ ಇವು ಕುಳಿತವನ ಸುಖಕ್ಕೆ. ಬ್ರೇಕು ಹಾಗಲ್ಲ. ಅದು ಎದುರಿಗೆ ಬರುವ ಶಾಲೆಯ ಮಗುವಿಗಾಗಿ, ರಸ್ತೆ ದಾಟುವ ಮುದುಕಿಗಾಗಿ ಇರುವ ಭಾಗ. ತನ್ನ ವಸ್ತುವಿನ ಚೆಲುವನ್ನು ಕಾಪಾಡುವ ಹಕ್ಕು ಒಡೆಯನಿಗೆ ಉಂಟು; ಅದರ ಬೆಲೆಯನ್ನು ದಾರಿಹೋಕರಿಂದ ತೆರಿಸುವ ಹಕ್ಕಿಲ್ಲ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳಿಗೆ ಹೊಸ ಬ್ರೇಕು ಬೇಕಾಗಿಲ್ಲ. ಅವು ಇದ್ದಂತೆ ಇರುವುದೇ ಲೇಸು. ಬೀದಿಗೆ ಇಳಿಯುವ ಗಾಡಿಯ ಧರ್ಮ ಬೇರೆ. ಕಲ್ಯಾಣದ ನೆರೆಯವರಾದ ನಮಗೆ ಸ್ಥಾವರ–ಜಂಗಮಗಳ ಭೇದವನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಹೊಸದೆಲ್ಲ ಹಿತವೆಂದಲ್ಲ. ಹಳೆಯ ಅಚ್ಚು ತನ್ನ ಕಾಲದ ಸೆಳೆತಕ್ಕೆ ತಕ್ಕಂತೆ ಮಾಡಿದ್ದು. ಅದಕ್ಕೆ ಅತಿ ಬಿಗಿಯಾದ ಬ್ರೇಕು ಕಟ್ಟಿದರೆ ಅಚ್ಚೇ ತಿರುಚೀತು, ಗಾಲಿಯ ಕಡ್ಡಿಗಳು ಸಡಿಲಾದಾವು. ಅದೂ ಅಲ್ಲದೆ, ಒಂದೇ ಕೊಳವೆಯ ಹೈಡ್ರಾಲಿಕ್ ಬ್ರೇಕಿನಲ್ಲಿ ಒಂದೆಡೆ ಸೋರಿದರೆ ನಾಲ್ಕೂ ಗಾಲಿಗಳ ಹಿಡಿತ ತಪ್ಪುತ್ತದೆ. ಆಗ ಹಳೆಯ ರೀತಿಯ ಕೈಬ್ರೇಕೇ ಗತಿ. ನಮ್ಮ ಹೊಲಗಳಲ್ಲಿ ಇದಕ್ಕೆ ತಿರುಗಿಸಿದ ಉದಾಹರಣೆಯುಂಟು. ಕಟ್ಟಿಗೆಯ ಗಾಲಿ ಹೋಗಿ ಟೈರಿನ ಗಾಡಿ ಬಂದಿತು, ಹಗುರಾಗಿ ಉರುಳಿತು, ಕಬ್ಬಿನ ಹೇರು ಹೆಚ್ಚಿತು. ಬ್ರೇಕಿನ ಚಿಂತೆಯನ್ನು ಮಾತ್ರ ಅನೇಕರು ಮಾಡಲಿಲ್ಲ. ಇಳಿಜಾರಿನಲ್ಲಿ ಆ ಭಾರವನ್ನೆಲ್ಲ ತಡೆಯುವುದು ಮೂಕ ಎತ್ತಿನ ಹೆಗಲು. ವೇಗವನ್ನು ಹೊಸತು ಮಾಡಿ ತಡೆಯನ್ನು ಹಳೆಯದಾಗಿ ಬಿಟ್ಟರೆ, ಮಾತನಾಡಲಾರದವರು ಅದರ ನೋವನ್ನು ಹೊರುತ್ತಾರೆ.

ಆದುದರಿಂದ ಮಾರ್ಪಾಡಿಗೆ ಮೂರು ನಿಯಮಗಳು ಸಾಕೆಂದು ನಮ್ಮ ಅಭಿಪ್ರಾಯ. ಒಂದು, ಅದು ಪರರ ಹಾನಿಯನ್ನು ತಡೆಯಲು ಇರಬೇಕು, ಮೆರೆದಾಟಕ್ಕಲ್ಲ. ಎರಡು, ಹಳೆಯ ಅಚ್ಚನ್ನು ಕೊರೆಯದೆ ಕತ್ತರಿಸದೆ, ಅದರ ಬಲವರಿತು ಕೂಡಿಸಬೇಕು. ಬಿಚ್ಚಿದ ಭಾಗಗಳನ್ನು ಎಣ್ಣೆ ಸವರಿ ಮುಂದಿನವರಿಗಾಗಿ ಕಟ್ಟಿಡಬೇಕು. ಮೂರು, ಮಾಡಿದ್ದನ್ನು ಮುಚ್ಚಿಡಬಾರದು. ಕೊಳ್ಳುವವನಿಗೂ ಮಕ್ಕಳಿಗೂ ಇದು ಹಳೆಯದು, ಇದು ಹೊಸದು ಎಂದು ತೋರಿಸಿಕೊಡಬೇಕು.

ಈ ಮಾತು ಕಾರಿಗೆ ಮಾತ್ರ ಸಲ್ಲುವುದಲ್ಲ. ನಿಲಂಗಾ, ಉದಗೀರಗಳು 1956ರವರೆಗೆ ಬೀದರ ಜಿಲ್ಲೆಯವು. ಗಡಿ ಸರಿಯಿತು, ಮನೆಮಾತು ಉಳಿಯಿತು. ಹೀಗೆ ಗಡಿಯಲ್ಲಿ ಉಳಿದವರಿಗೆ ಹಿರಿಯರದೆಲ್ಲವನ್ನೂ ಬಿಗಿಹಿಡಿಯುವ ಹಂಬಲ ಸಹಜ. ಸೋಬಾನೆಯ ಹಾಡು, ಬೀಸುವ ಪದ, ಅಜ್ಜಿಯ ಗಾದೆ ಇವನ್ನು ಒಂದಕ್ಷರ ಬಿಡದೆ ಕಾಪಾಡೋಣ. ಆದರೆ 18 ತುಂಬದ ಹುಡುಗಿಯನ್ನು ಹಸೆಗೆ ಕೂಡಿಸಿ, ಇದು ನಮ್ಮ ಹಿರಿಯರ ಪದ್ಧತಿಯೆಂದರೆ ಅದನ್ನು ಪರಂಪರೆಯ ರಕ್ಷಣೆಯೆನ್ನಲಾಗದು; ಅದು ಬ್ರೇಕಿಲ್ಲದ ಗಾಡಿಯನ್ನು ಜನರ ನಡುವೆ ಹಾಯಿಸಿದಂತೆ. ಸೋಬಾನೆ ಹಳೆಯದೇ ಇರಲಿ. ಹಸೆಗೆ ಬರುವವಳು ಓದು ಮುಗಿಸಿ, ತಾನೇ ಒಪ್ಪಿ ಬರಲಿ.

ಹಾಗೆ ತಿದ್ದಿಕೊಂಡ ಮದುವೆಯೂ ನಮ್ಮದೇ ಮದುವೆ, ಹಾಗೆ ತಿದ್ದಿಕೊಂಡ ಮನೆತನವೂ ಅದೇ ಮನೆತನ. ಸಂಘದ ಬಂಧುಗಳು ತಮ್ಮ ತಮ್ಮ ಮನೆಗಳಲ್ಲಿ ಯಾವುದನ್ನು ಹಾಗೆಯೇ ಇಡಬೇಕು, ಯಾವುದಕ್ಕೆ ಹೊಸ ತಡೆ ಬೇಕು ಎಂಬುದನ್ನು ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ವಿಚಾರಿಸಲಿ ಎಂದು ನಾವು ಬಿನ್ನವಿಸುತ್ತೇವೆ.