ಕರಿ ಮರಿ ಯಾವ ಜಾತಿ?

ಕೆಂಪು, ಕುರಿ ಎಂಬ ಎರಡು ಮಾತು ಕೂಡಿ ಕೆಂಗುರಿ ಆಗಿದೆ. ಲಿಂಗಸುಗೂರಿನ ಗುಡ್ಡಗಳಲ್ಲಿ, ಮಸ್ಕಿಯ ಬಂಡೆಗಳ ನಡುವೆ, ಸಿಂಧನೂರಿನಲ್ಲಿ ಭತ್ತ ಕೊಯ್ದು ಖಾಲಿಯಾದ ಗದ್ದೆಗಳಲ್ಲಿ ಈ ಕುರಿಗಳನ್ನು ನೋಡುತ್ತಲೇ ನಾವು ಬೆಳೆದದ್ದು. ಅದೊಂದು ತಳಿ, ಅದಕ್ಕೆ ಸರಕಾರದ ದಾಖಲೆಯಲ್ಲಿ ಜಾಗವಿದೆ ಎಂಬುದು ನನಗೆ ತಿಳಿದದ್ದು ತೀರಾ ತಡವಾಗಿ. ಹರಿಯಾಣದ ಕರ್ನಾಲಿನಲ್ಲಿ ಜಾನುವಾರು ತಳಿಗಳನ್ನು ನೋಂದಾಯಿಸುವ ರಾಷ್ಟ್ರೀಯ ಬ್ಯೂರೋ ಒಂದಿದೆ. 1984ರಲ್ಲಿ ಹುಟ್ಟಿದ ಸಂಸ್ಥೆ. ಅದರ ಪಟ್ಟಿಯಲ್ಲಿ ನಮ್ಮ ಕೆಂಗುರಿಯೂ ಇದೆ. ಪಶುವಿಜ್ಞಾನದ ಪುಸ್ತಕಗಳು ಇದರ ನೆಲೆ ಎಂದು ಹೇಳುವುದು ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು, ಗಂಗಾವತಿ ತಾಲ್ಲೂಕುಗಳನ್ನು. ಗಂಗಾವತಿ 1997ರಲ್ಲಿಯೇ ಕೊಪ್ಪಳ ಜಿಲ್ಲೆಗೆ ಹೋಯಿತು, ಮಸ್ಕಿ ಆಮೇಲೆ ತಾನೇ ಒಂದು ತಾಲ್ಲೂಕಾಯಿತು. ಕುರಿಗಳಿಗೆ ಇದನ್ನೆಲ್ಲ ಯಾರೂ ತಿಳಿಸಿದಂತಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ಜಾನುವಾರು ಪ್ರದರ್ಶನ ಇತ್ತು. ಶಾಲೆಯ ಮಕ್ಕಳು ತಾವು ಸಾಕಿದ ಮರಿಗಳನ್ನು ತಂದು ನಿಲ್ಲಿಸಲಿ ಎಂದು ಒಂದು ವಿಭಾಗ ಮಾಡಿದ್ದರು. ಮೇಜಿನ ಹಿಂದೆ ಕುಳಿತವರು ಮರಿಯನ್ನು ನೋಡಿ 'ಕೆಂಗುರಿ' ಅಥವಾ 'ಇತರೆ' ಎಂದು ಚೀಟಿ ಕೊಡುತ್ತಿದ್ದರು. ಕೆಂಗುರಿಗೆ ನಗದು ಬಹುಮಾನ, ಇತರೆಗೆ ಸ್ಟೀಲಿನ ಡಬ್ಬಿ. ಹನ್ನೆರಡು ವರ್ಷದ ಒಬ್ಬ ಹುಡುಗ ಕರಿ ಟಗರು ಮರಿಯೊಂದನ್ನು ಎಳೆದುಕೊಂಡು ಬಂದ. ಮೈ ತುಂಬಿಕೊಂಡ, ಕಣ್ಣಲ್ಲಿ ಚುರುಕಿದ್ದ ಮರಿ. ನೋಡಿದ ಕೂಡಲೇ ಚೀಟಿ ಬರೆಯುವವರು 'ಇತರೆ' ಎಂದರು.

"ಇದರ ಅವ್ವ ಕೆಂಪು ಐತ್ರಿ. ಅಪ್ಪನೂ ಕೆಂಪು. ನಮ್ಮ ಹಿಂಡಿನಾಗ ಹುಟ್ಟಿದ್ದು" ಎಂದ ಹುಡುಗ.

"ಕರೇದು ಕೆಂಗುರಿ ಹೆಂಗ ಆಕ್ಕೈತಲೇ?"

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಹೆಸರೇ ಕೆಂಗುರಿ ಎಂದಿರುವಾಗ ಮತ್ತೇನು ವಾದ ಎಂದು ನನಗೂ ಅನ್ನಿಸಿತ್ತು. ಕೆಂಗುರಿ ವಿಭಾಗದಲ್ಲಿ ಗೆದ್ದದ್ದು ಊರಿನ ದೊಡ್ಡ ಮನೆಯೊಂದರ ಟಗರು. ಒಂದು ತಿಂಗಳ ಹಿಂದೆ ಸಂತೆಯಿಂದ ತಂದದ್ದಂತೆ. ಹಗ್ಗ ಹಿಡಿದು ನಿಂತಿದ್ದ ಹುಡುಗನಿಗೆ ಅದು ಎಷ್ಟು ಹಲ್ಲಿನದು ಎಂದು ಗೊತ್ತಿರಲಿಲ್ಲ. ಅದರ ತಾಯಿ ಯಾವುದು ಎಂದು ಯಾರೂ ಕೇಳಲಿಲ್ಲ. ಬಣ್ಣ ಕೆಂಪಾಗಿತ್ತು, ಸಾಕಾಗಿತ್ತು.

ಆಮೇಲೆ ಕುತೂಹಲಕ್ಕೆಂದು ಪಶುವಿಜ್ಞಾನದ ಪುಸ್ತಕ ತೆರೆದು ನೋಡಿದೆ. ಕೆಂಗುರಿಯ ಮೈಬಣ್ಣ ಹೆಚ್ಚಾಗಿ ಗಾಢ ಕಂದು. ಆದರೆ ಬಿಳಿಯಿಂದ ಹಿಡಿದು ಕಪ್ಪಿನವರೆಗೆ, ಬೇರೆ ಬೇರೆ ಛಾಯೆಯ ಮಚ್ಚೆಗಳುಳ್ಳವೂ ಅಪರೂಪವಲ್ಲ. ಟಗರಿಗೆ ಕೊಂಬು ಇರುತ್ತದೆ, ಹೆಣ್ಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ವಿವರಣೆ ಇಷ್ಟೇ. ಹುಡುಗ ಹೇಳಿದ್ದೂ ಅದೇ ಆಗಿತ್ತು. ಪುಸ್ತಕ ಬರೆದವರು ಹಿಂಡಿನಲ್ಲಿ ಕಂಡದ್ದನ್ನು ಬರೆದಿದ್ದರು. ಚೀಟಿ ಬರೆದವರು ಹೆಸರಿನಲ್ಲಿ ಕಂಡದ್ದನ್ನು ಬರೆದರು.

ನಾನು ನಕ್ಕದ್ದರ ಬಗ್ಗೆ ಬಹಳ ದಿನ ಯೋಚಿಸಿದ್ದೇನೆ. ಆ ನಗುವಿನಲ್ಲಿ ಕುರಿಗಿಂತ ಹೆಚ್ಚಿನದೇನೋ ಇತ್ತು. ಕನ್ನಡದಲ್ಲಿ ಒಳ್ಳೆಯ ತಳಿಯ ನಾಯಿಗೆ 'ಜಾತಿ ನಾಯಿ' ಅನ್ನುತ್ತೇವೆ. ಉರ್ದುವಿನಲ್ಲಿ ಕುದುರೆಯ ತಳಿಗೂ ಮನುಷ್ಯನ ವಂಶಕ್ಕೂ 'ನಸ್ಲ್' ಎಂಬ ಒಂದೇ ಮಾತು. ಎರಡೂ ಭಾಷೆಯಲ್ಲಿ ಓದಿದ ನನಗೆ ಎರಡೂ ಕಡೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣು ಕೇಳಲು ಬಂದವರು ಮೊದಲು ಚಹಾ ಕುಡಿಯುತ್ತಾರೆ, ಆಮೇಲೆ ಖಾನ್‌ದಾನ್ ಯಾವುದು ಎನ್ನುತ್ತಾರೆ. ಸಮಾನತೆಯ ಧರ್ಮ ನಮ್ಮದು ಎಂದು ಭಾಷಣ ಮಾಡುವ ಬಾಯಿಯೇ ಸೈಯದರೋ, ಶೇಖರೋ, ಪಿಂಜಾರರೋ ಎಂದು ವಿಚಾರಿಸುತ್ತದೆ. ಕುರಿ ಪ್ರದರ್ಶನದ ಮೇಜನ್ನು ನಾವು ಮನೆಯೊಳಗೇ ಹಾಕಿಕೊಂಡಿದ್ದೇವೆ.

ತಳಿಯನ್ನು ಪುಸ್ತಕದಲ್ಲಿ ಬರೆದು ಬೇಲಿ ಹಾಕುವ ಪದ್ಧತಿ ಹಳೆಯದೇನಲ್ಲ. ಇಂಗ್ಲೆಂಡಿನಲ್ಲಿ ಓಟದ ಕುದುರೆಗಳ ವಂಶಾವಳಿ ಅಚ್ಚಾದದ್ದು 1791ರಲ್ಲಿ, ಶಾರ್ಟ್‌ಹಾರ್ನ್ ದನಗಳ ವಂಶಾವಳಿಯನ್ನು ಕೋಟ್ಸ್ ಎಂಬವರು ಅಚ್ಚು ಹಾಕಿಸಿದ್ದು 1822ರಲ್ಲಿ. ಅದಕ್ಕೆ ಮೊದಲು ತಳಿ ಇರಲಿಲ್ಲ ಎಂದಲ್ಲ, ದನ ಕಾಯುವವರ ನೆನಪಿನಲ್ಲಿ ಇತ್ತು. ಪುಸ್ತಕ ಬಂದ ಮೇಲೆ ನೆನಪಿಗೆ ಬೆಲೆ ಹೋಯಿತು. ನಮ್ಮ ಕೃಷ್ಣಾ ಕಣಿವೆಯ ಎತ್ತುಗಳನ್ನೇ ನೋಡಿ. ಎರೆಭೂಮಿಯಲ್ಲಿ ಭಾರದ ಕೆಲಸಕ್ಕೆ ಹೆಸರಾದ ಅವು ಇಂದು ನೋಂದಾಯಿತ ಶುದ್ಧ ತಳಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿಯ ಪಟವರ್ಧನ ಅರಸರು ಗೀರ್, ಓಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಕಡೆಯ ದನಗಳನ್ನು ಬೆರೆಸಿ ಮಾಡಿದ್ದು ಅದು. ಆಗ ಯಾರಾದರೂ ಮೇಜು ಹಾಕಿಕೊಂಡು ಕುಳಿತಿದ್ದರೆ ಆ ಎತ್ತುಗಳಿಗೆಲ್ಲ 'ಇತರೆ' ಚೀಟಿಯೇ ಸಿಗುತ್ತಿತ್ತು.

ಇದು ನಮ್ಮ ಹಳ್ಳಿಯ ತಕರಾರು ಮಾತ್ರವೂ ಅಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಮಕ್ಕಳು ಸಾಕಿದ ಹೋರಿಗಳ ದೊಡ್ಡ ಪ್ರದರ್ಶನಗಳು ನಡೆಯುತ್ತವೆ. ಗೆದ್ದ ಹೋರಿ ಲಕ್ಷಗಟ್ಟಲೆ ಹಣಕ್ಕೆ ಹರಾಜಾಗುತ್ತದೆ. ಅಲ್ಲೂ ತಳಿ ತೀರ್ಮಾನಿಸುವವರು ಹೋರಿಯ ಮೈಕಟ್ಟು, ಬಣ್ಣ, ಮುಖ ನೋಡಿ ಇದು ಈ ವಿಭಾಗಕ್ಕೆ ಎಂದು ಹೇಳುತ್ತಾರೆ. ಅವರ ಮಾತೇ ಕೊನೆ. ಯಾವ ವಿಭಾಗಕ್ಕೆ ಬಿದ್ದರೆ ಗೆಲುವು ಸುಲಭ ಎಂಬ ಲೆಕ್ಕಾಚಾರ ಅಲ್ಲಿಯೂ ಇದೆ. ವರ್ಷವಿಡೀ ಮಗು ಮೇವು ಹಾಕಿದ್ದು, ಮೈ ತೊಳೆದದ್ದು ಎಲ್ಲವೂ ಆ ಒಂದು ನೋಟದ ಮುಂದೆ ನಿಲ್ಲಬೇಕು.

ನಮ್ಮ ಪೂರ್ವಿಕರಿಗೂ ಈ ಪ್ರಶ್ನೆ ಎದುರಾಗಿತ್ತು. ಅರಬರಿಗೆ ಕುದುರೆಯ ವಂಶ ಎಂದರೆ ಪ್ರಾಣ. ಅಪ್ಪ ಅರಬಿ, ತಾಯಿ ಬೇರೆ ಆದರೆ ಆ ಕುದುರೆ 'ಹಜೀನ್'. ಅರಬ ತಂದೆಗೂ ಅರಬಳಲ್ಲದ ತಾಯಿಗೂ ಹುಟ್ಟಿದ ಮನುಷ್ಯನನ್ನೂ ಅವರು ಅದೇ ಹೆಸರಿನಿಂದ ಕರೆಯುತ್ತಿದ್ದರು. ಯುದ್ಧದ ಸೊತ್ತು ಹಂಚುವಾಗ ಸವಾರನಿಗೆ ಕುದುರೆಯ ಲೆಕ್ಕದಲ್ಲಿ ಪ್ರತ್ಯೇಕ ಪಾಲು ಇತ್ತು. ಬೆರಕೆ ಕುದುರೆಗೆ ಪೂರಾ ಪಾಲು ಕೊಡಬೇಕೋ ಕಡಿಮೆಯೋ ಎಂಬುದು ವಿದ್ವಾಂಸರ ನಡುವೆ ಚರ್ಚೆಯಾಯಿತು. ಕಡಿಮೆ ಸಾಕು ಎಂದವರು ಇದ್ದರು. ಮದೀನಾದ ಇಮಾಮ್ ಮಾಲಿಕ್ (ನಿಧನ ಕ್ರಿ.ಶ. 795) ತಮ್ಮ 'ಮುವತ್ತಾ'ದಲ್ಲಿ ಅದನ್ನು ಒಪ್ಪಲಿಲ್ಲ. ಕುರ್‌ಆನ್ ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಹೆಸರಿಸುತ್ತದೆಯೇ ಹೊರತು ಕುದುರೆಯಲ್ಲಿ ಭೇದ ಮಾಡಿಲ್ಲ, ಆದ್ದರಿಂದ ಹಜೀನ್ ಸಹ ಕುದುರೆಯೇ ಎಂಬುದು ಅವರ ವಾದ. ಸೇನೆಯ ಮುಖ್ಯಸ್ಥ ಆ ಕುದುರೆಯನ್ನು ಒಪ್ಪಿರಬೇಕು ಎಂಬ ಒಂದು ಷರತ್ತನ್ನು ಮಾತ್ರ ಇಟ್ಟರು. ಅಂದರೆ ಕೆಲಸಕ್ಕೆ ಬರುತ್ತದೆಯೇ ಎಂದು ಮೊದಲು ನೋಡು, ಪಾಲು ಹಂಚುವಾಗ ಅದರ ತಾಯಿಯ ಊರು ಕೇಳಬೇಡ.

ಬಕ್ರೀದಿನ ಕುರ್ಬಾನಿಯ ನಿಯಮಗಳನ್ನು ನೋಡಿದರೂ ಇದೇ ನ್ಯಾಯ ಕಾಣುತ್ತದೆ. ಪ್ರಾಣಿಗೆ ನಿಗದಿತ ವಯಸ್ಸಾಗಿರಬೇಕು. ಕುರುಡು, ಕುಂಟು, ರೋಗ, ಎಲುಬು ಕಾಣುವ ಬಡಕಲುತನ ಇರಬಾರದು. ಪ್ರವಾದಿಯವರು ಕಪ್ಪು ಬೆರೆತ ಬಿಳಿಯ, ಕೊಂಬಿರುವ ಟಗರುಗಳನ್ನು ಅರ್ಪಿಸಿದ್ದರೆಂದು ಹದೀಸಿನಲ್ಲಿದೆ, ಆದರೂ ಬಣ್ಣವನ್ನು ಯಾರೂ ಷರತ್ತು ಮಾಡಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಮಾತು. ಆ ಕುಂಟು, ಆ ಕುರುಡು 'ಎದ್ದು ಕಾಣುವಂತಿರಬೇಕು' ಎನ್ನುತ್ತದೆ ಹದೀಸು. ಪರಿಣತನೊಬ್ಬನಿಗೆ ಮಾತ್ರ ಕಾಣುವ ದೋಷದ ಮೇಲೆ ಬಡವನ ಕುರಿಯನ್ನು ತಳ್ಳಿಹಾಕುವಂತಿಲ್ಲ. ಕೊಡುವವನಿಗೂ ನೋಡುವವನಿಗೂ ಒಂದೇ ರೀತಿ ಕಾಣಬೇಕು.

ಹಾಗಾದರೆ ತಳಿಯ ವಿಭಾಗವೇ ಬೇಡವೇ? ಹಾಗೆನ್ನಲು ನನಗೆ ಧೈರ್ಯವಿಲ್ಲ. ಗಡಿ ಇಲ್ಲದಿದ್ದರೆ ಸಂತೆಯಲ್ಲಿ ತೂಕ ಹೆಚ್ಚು ಬರುವ ಟಗರನ್ನೇ ಎಲ್ಲರೂ ಹಿಂಡಿಗೆ ಬಿಡುತ್ತಾರೆ, ನಾಲ್ಕು ತಲೆಮಾರಿನಲ್ಲಿ ಕೆಂಗುರಿ ಹೆಸರಷ್ಟೇ ಉಳಿಯುತ್ತದೆ. ಬಿಸಿಲಿಗೆ, ಕಲ್ಲಿಗೆ, ಒಣ ಹುಲ್ಲಿಗೆ ಒಗ್ಗಿದ ಪ್ರಾಣಿ ಮತ್ತೆ ಸಿಗುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಕಡೆ ಮೇಯುವ ಬೀಳುಭೂಮಿಯೂ ಉಳಿದಿಲ್ಲ. ಕಾಪಾಡಬೇಕು, ನಿಜ. ಆದರೆ ಕೆಂಪನ್ನಷ್ಟೇ ಆರಿಸುತ್ತ ಹೋದರೆ ಕಾಪಾಡುವುದು ಕುರಿಯನ್ನಲ್ಲ, ಬಣ್ಣವನ್ನು. ಹಿಂಡಿನೊಳಗಿದ್ದ ಕರಿದು, ಮಚ್ಚೆಯದು, ಬೂದಿಯದು ಎಲ್ಲ ಹೊರಗೆ ಬಿದ್ದು ಉಳಿದ ತಳಿ ಇನ್ನಷ್ಟು ಬಡವಾಗುತ್ತದೆ.

ಗಡಿ ಹಾಕುವವರು ಯಾರು, ಯಾವಾಗ ಹಾಕಿದರು ಎಂಬುದರಲ್ಲಿ ರಾಜಕೀಯವೆಲ್ಲ ಇದೆ. ಮರಿ ಬರುವ ಮೊದಲು ಹಲಗೆಯ ಮೇಲೆ ಗುರುತುಗಳನ್ನು ಬರೆದಿದ್ದರೆ ಅದು ನಿಯಮ. ಮರಿಯನ್ನೂ ಅದನ್ನು ಹಿಡಿದ ಹುಡುಗನ ಅಂಗಿಯನ್ನೂ ನೋಡಿದ ಮೇಲೆ ಹೇಳಿದರೆ ಅದಕ್ಕೆ ಬೇರೆ ಹೆಸರಿದೆ. ಆ ದಿನ ಮೇಜಿನ ಬಳಿ ಒಬ್ಬ ಕುರಿಗಾರನೂ ಕುಳಿತಿರಲಿಲ್ಲ. ಕೆಂಪು ತಾಯಿಗೆ ಕರಿ ಮರಿ ಹುಟ್ಟುವುದನ್ನು ಹತ್ತಾರು ಸಲ ಕಂಡವರು ಅವರೇ. ತಾಯಿ ಕುರಿಯನ್ನೂ ಕರೆದುಕೊಂಡು ಬಾ ಎಂದು ಹುಡುಗನಿಗೆ ಹೇಳುವುದು ಕಷ್ಟವಾಗಿರಲಿಲ್ಲ, ಹಿಂಡು ಊರ ಹೊರಗಿನ ಹೊಲದಲ್ಲೇ ಇತ್ತು.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಅದೇ ಹುಡುಗ ರಸ್ತೆ ಬದಿಯಲ್ಲಿ ಸಿಕ್ಕ. ಡಬ್ಬಿ ಸಹ ಸಿಕ್ಕಿರಲಿಲ್ಲ. ಬೇಸರವಾಯಿತೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆ. ಈ ಬಕ್ರೀದಿಗೆ ಮಾರುತ್ತೀಯೇನು ಎಂದೆ.

"ಇಲ್ರಿ. ಇದನ್ನ ಮಾರಂಗಿಲ್ಲ" ಎಂದ. "ಹಿಂಡಿಗೆ ಬಿಡಾಕ ಇದನ್ನ ಇಟಗೊಂಡಾನ ನಮ್ಮಪ್ಪ."